ತಾಂಡೂರಿನ ಹೋಳಿಗೆ ಮುರಿದವರಾರು?

ಸುಗಲಾಬಾಯಿಯವರನ್ನು ನಾನು ಮೊದಲು ನೋಡಿದ್ದು, ಅವರು ತಮ್ಮ ಪತಿಯನ್ನು ಹೊಸ್ತಿಲಿನ ಆಚೆ ನಿಲ್ಲಿಸಿ ಊಟದ ವಿಚಾರಣೆ ನಡೆಸುತ್ತಿದ್ದ ದಿನ. ಆಗಿನ್ನೂ ನಿಜಾಮರ ಆಳ್ವಿಕೆ. ಜಹೀರಾಬಾದಿನ ಶಾಲೆಗೆ ನಾನು ಹೊಸದಾಗಿ ಬಂದಿದ್ದೆ. ಅವರ ಮನೆಗೆ ಹೊಂದಿಕೊಂಡಿದ್ದ ಖೋಲಿಯೊಂದನ್ನು ಬಾಡಿಗೆಗೆ ಹಿಡಿದು ಟಾಂಗಾದಿಂದ ಟ್ರಂಕು ಇಳಿಸುತ್ತಿದ್ದೆ.

"ಲಗ್ನದಾಗ ಊಟಕ್ಕ ಏನೇನಿತ್ತು?"

"ಹುಗ್ಗಿ ಇತ್ತು, ಹೋಳಿಗಿ ಇತ್ತು, ಭಜಿ ಇತ್ತು. ಎಲ್ಲಾ ಇತ್ತು."

"ಇತ್ತು ಅಂಬೋದು ನನಗೂ ಗೊತ್ತದ. ನೀವು ಏನು ಉಂಡ್ರಿ?"

"ಒಂದು ಭಜಿ."

"ಒಂದs?"

"ಅರ್ಧಾ. ಬಾಜೂಕ ಕುಂತಾಂವ ನನ್ನ ಕಡಿ ನೋಡ್ದ."

ಸುಗಲಾಬಾಯಿಯವರು ಹಣೆ ಬಡಿದುಕೊಂಡು ಒಲೆ ಹೊತ್ತಿಸಲು ಒಳಗೆ ಹೋದರು. ಹೊಸ್ತಿಲಾಚೆಯ ಅಪರಾಧಿ, ಅಂದರೆ ಬಟ್ಟೆ ಅಂಗಡಿಯ ಮನ್ಮಥಪ್ಪನವರು, ನನ್ನನ್ನು ಕಂಡು ಕೆಂಪಾಗಿ, "ಬರ್ರಿ ಮಾಸ್ತರ, ಊಟಕ್ಕ ಏಳ್ರಿ" ಎಂದರು. ನಮ್ಮ ಕಡೆ ಇದು ಕೇವಲ ಬಾಯಿ ಉಪಚಾರ. "ಆಗ್ಲಿ, ನೀವು ಮಾಡ್ರಿ" ಎನ್ನುವುದು ಅದಕ್ಕೆ ಶಾಸ್ತ್ರೋಕ್ತ ಉತ್ತರ. ಆದರೆ ನಾನು ಹಸಿದಿದ್ದೆ, ಹೋಗಿಬಿಟ್ಟೆ. ಅಂದು ನಾನು ನಾಲ್ಕು ರೊಟ್ಟಿ ತಿಂದೆ. ಮನ್ಮಥಪ್ಪನವರು ಹೊಸಬನಾದ ನನ್ನೆದುರು ಅರ್ಧ ರೊಟ್ಟಿ ಮುರಿದು, ನೀರು ಕುಡಿದು, ಎದ್ದರು. ನಾನು ಹೊರಟುಹೋದ ಮೇಲೆ ಅವರ ಮನೆಯಲ್ಲಿ ಮತ್ತೊಮ್ಮೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.

(ಇನ್ನು ಮುಂದೆ ಕಥೆಯ ಓಟಕ್ಕಾಗಿ ದಂಪತಿಗಳಿಬ್ಬರಿಗೂ ಏಕವಚನ ಬಳಸುತ್ತೇನೆ. ಸುಗಲಾಬಾಯಿಯವರ ಎದುರಿಗೆ ಬಳಸುವ ಧೈರ್ಯ ನನಗೆ ಈ ವಯಸ್ಸಿನಲ್ಲಿಯೂ ಇಲ್ಲ.)

ಮನ್ಮಥಪ್ಪ ಸ್ವಭಾವದಿಂದ ಮೂಕನಲ್ಲ. ಅಂಗಡಿಯಲ್ಲಿ ಗಜ ಹಿಡಿದು ಕುಳಿತನೆಂದರೆ ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ನದಿಯಂತೆ ಹರಿಯುತ್ತಿದ್ದ. ಧೋತರ ಕೊಳ್ಳಲು ಬಂದವನಿಗೆ ರುಮಾಲನ್ನೂ, ರುಮಾಲಿಗೆ ಬಂದವನಿಗೆ ಹೆಂಡತಿಯ ಸೀರೆಯನ್ನೂ ಕಟ್ಟಿ ಕಳಿಸುತ್ತಿದ್ದ. ಆದರೆ ಅದೇ ಮನುಷ್ಯನನ್ನು ಅಪರಿಚಿತರ ನಡುವೆ ತಾಟಿನ ಮುಂದೆ ಕೂರಿಸಿರಿ, ಮುಗಿಯಿತು. ರೊಟ್ಟಿ ಮುರಿದರೆ ಸಪ್ಪಳವಾದೀತು, ಸಾರು ಸುರಿದರೆ ಸದ್ದಾದೀತು, ದೊಡ್ಡ ತುತ್ತು ಮಾಡಿದರೆ ಬಕಾಸುರನೆಂದಾರು, ಸಣ್ಣ ತುತ್ತು ಮಾಡಿದರೆ ಸೊಕ್ಕಿನವನೆಂದಾರು! ಬಡಿಸುವವನು ಪಂಕ್ತಿಯ ಆ ತುದಿಯಲ್ಲಿರುವಾಗಲೇ ಈ ತುದಿಯಲ್ಲಿ ಇವನ ಎರಡೂ ಅಂಗೈಗಳು ತಾಟಿನ ಮೇಲೆ ಕೊಡೆ ಹಿಡಿಯುತ್ತಿದ್ದವು. "ಸಾಕ್ರಿ, ಹೊಟ್ಟಿ ತುಂಬ್ಯಾದ" ಎಂಬ ಒಂದೇ ಒಂದು ಮಂತ್ರ ಅವನ ಬಾಯಿಂದ ಹೊರಡುತ್ತಿತ್ತು. ಆ ಮಂತ್ರವನ್ನು ಸುಳ್ಳೆಂದು ಅವನ ಹೊಟ್ಟೆ ಅಲ್ಲಿಯೇ ಗುಡುಗಿ ಸಾರುತ್ತಿತ್ತು.

ಸುಗಲಾಬಾಯಿಗೆ ಇದರಿಂದ ಎರಡು ಬಗೆಯ ಅಪವಾದ. ಕರೆದು ಉಣಿಸಿದವರು, "ನಮ್ಮ ಮನಿ ಅಡಗಿ ನಿಮ್ಮ ಯಜಮಾನರಿಗಿ ಸೇರಂಗಿಲ್ಲ ಬಿಡ್ರಿ" ಎಂದು ಮುಖ ಸಿಂಡರಿಸುತ್ತಿದ್ದರು. ಕರೆಯದೆ ನೋಡಿದವರು, "ಮನ್ಮಥಪ್ಪ ಯಾಕ ಹಿಂಗ ಹಂಚಿಕಡ್ಡಿ ಆಗ್ಯಾನ? ಆಕಿ ಅಂವಗ ಹೊಟ್ಟಿತುಂಬ ಹಾಕ್ತಾಳೋ ಇಲ್ಲೋ!" ಎನ್ನುತ್ತಿದ್ದರು. ಕೊನೆಗೆ ಒಂದು ಶ್ರಾವಣ ಸೋಮವಾರ, ಮಠದ ದಾಸೋಹದಲ್ಲಿ ಐನೂರು ಜನ ಉಂಡು ತೇಗಿದ ದಿನ, ಇವನೊಬ್ಬ ಹಸಿದು ಮನೆಗೆ ಬಂದಾಗ, ಆಕೆ ಲಟ್ಟಣಿಗೆಯನ್ನು ಎತ್ತಿಹಿಡಿದು ಪ್ರತಿಜ್ಞೆ ಮಾಡಿದಳು.

"ನಿಮ್ಮ ನಾಚಿಕಿ ಬಿಡಸ್ಲಿಲ್ಲಂದ್ರ ನಾ ನಾರಾಯಣಖೇಡದ ಮಗಳs ಅಲ್ಲ!"

"ನಾಚಿಕಿ ಬಿಟ್ಟಾಂವಗ ಮಂದಿ ಏನಂತಾರ ಗೊತ್ತದ ಏನು?"

"ಹೊಟ್ಟಿ ತುಂಬಿದಾಂವ ಅಂತಾರ. ಸುಮ್ಮ ಕೂಡ್ರಿ."

ಮರುದಿನದಿಂದ ಪಾಠಗಳು ಆರಂಭವಾದವು. ಅಭ್ಯಾಸಕ್ಕೆ ಅಪರಿಚಿತರು ಬೇಕಷ್ಟೆ? ಮೊದಲಿಗೆ ಆಕೆ ನನ್ನನ್ನೇ ನೇಮಿಸಿಕೊಂಡಳು. ಹದಿನೈದು ದಿನ ಎರಡು ಹೊತ್ತೂ ಸಾಂಗವಾಗಿ ಸೇವೆ ಸಲ್ಲಿಸಿದೆ. ಅಷ್ಟರಲ್ಲಿ ನನ್ನ ಪರಿಚಯ ಹೆಚ್ಚಾಗಿ, ಆ ಹುದ್ದೆಗೆ ಅನರ್ಹನೆಂದು ನನ್ನನ್ನು ತೆಗೆದುಹಾಕಿದಳು. ನನ್ನ ಜಾಗಕ್ಕೆ ಹುಮನಾಬಾದಿನ ಬಳೆಗಾರ ಬಂದ. ಆಮೇಲೆ ಕಾಶಿಗೆ ಹೊರಟಿದ್ದ ಒಬ್ಬ ಜಂಗಮ, ದಾರಿ ತಪ್ಪಿ ಬಂದ ಎತ್ತಿನ ವ್ಯಾಪಾರಿ, ರೈಲು ತಪ್ಪಿಸಿಕೊಂಡ ಇಬ್ಬರು ಅಣ್ಣತಮ್ಮಂದಿರು. "ಜಹೀರಾಬಾದಿನಾಗ ಒಬ್ಬಾಕಿ ತಾಯಿ ಹಾದಿಮ್ಯಾಲ ಹೋಗೋರಿಗೆ ಎಳದು ಕುಂದರಿಸಿ ಉಣಸ್ತಾಳ" ಎಂಬ ಕೀರ್ತಿ ಬೀದರಿನವರೆಗೂ ಹಬ್ಬಿತು. ಅದು ಪುಣ್ಯಕ್ಕಲ್ಲ, ಪಾಠಕ್ಕೆ ಎಂಬುದು ನಮಗಷ್ಟೇ ಗೊತ್ತಿತ್ತು.

ಬಾಗಿಲ ಮರೆಯಲ್ಲಿ ಕುಳಿತು ಆಕೆ ಹೇಳಿಕೊಟ್ಟ ಸೂತ್ರ ಬಹಳ ಸರಳ.

"ಮಂದಿ ಮಕ ನೋಡಬ್ಯಾಡ್ರಿ, ತಾಟ ನೋಡ್ರಿ. ಬಾಜೂದಾಂವ ಮಾತಾಡಸೋಕಿಂತ ಮೊದಲ ನೀವs ಅಂವಗ ಮಾತಾಡಸ್ರಿ. ನಿಮ್ಮೂರಾಗ ಮಳಿ ಹ್ಯಾಂಗದ, ಜ್ವಾಳ ಹ್ಯಾಂಗದ ಅಂತ ಕೇಳ್ರಿ. ಜ್ವಾಳದ ಮಾತು ಆಡಾಂವಗ ನಿಮ್ಮ ರೊಟ್ಟಿ ಕಾಣಂಗಿಲ್ಲ."

"ಅಂವ ನನಗs ತಿರುಗಿ ಕೇಳಿದ್ರ?"

"ತಿನ್ಕೋತ ಹೂಂ ಅನ್ರಿ."

ಇಷ್ಟಾಗಿಯೂ ಅಂಗೈ ತಾಟಿನ ಮೇಲೆ ಹೋದರೆ ಆಕೆ ಮರೆಯಿಂದ ಒಮ್ಮೆ ಕೆಮ್ಮುತ್ತಿದ್ದಳು. ಕೂಡಲೇ ಕೈ ಸರಿಯುತ್ತಿತ್ತು, ರೊಟ್ಟಿ ಬೀಳುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಮನ್ಮಥಪ್ಪ ಪೂರ್ಣ ಪರಿವರ್ತಿತನಾಗಿದ್ದ. ಪಂಕ್ತಿಯಲ್ಲಿ ಕುಳಿತು, "ಹುಗ್ಗಿ ಈ ಕಡಿ ಬರ್ಲಿ!" ಎಂದು ಕೂಗುವ ಮಟ್ಟ ಮುಟ್ಟಿದ. ಅವನ ಎಡಬಲದಲ್ಲಿ ಕುಳಿತ ಅಪರಿಚಿತರು ತಮ್ಮ ಊರಿನ ಮಳೆ, ಬೆಳೆ, ದನಕರು, ಅಳಿಯಂದಿರ ವರದಿ ಒಪ್ಪಿಸುತ್ತ ತಮ್ಮ ಊಟವನ್ನೇ ಮರೆಯುತ್ತಿದ್ದರು. ಸುಗಲಾಬಾಯಿ ಊರ ತುಂಬ ಎದೆಯುಬ್ಬಿಸಿ ತಿರುಗಾಡಿದಳು. ವಿಧಿಯೂ ಅದನ್ನೇ ಕಾಯುತ್ತಿತ್ತು.

ಆಕೆಗೆ ಒಬ್ಬನೇ ಮಗ, ಸಂಗಮೇಶ. ಅವನಿಗೆ ಆಕೆಯ ಅಣ್ಣ, ನಾರಾಯಣಖೇಡದ ವೀರಪ್ಪನ ಮಗಳನ್ನೇ ತರಬೇಕೆಂದು ಅಣ್ಣ ತಂಗಿ ಎಂದೋ ಮಾತಾಡಿಕೊಂಡಿದ್ದರು. ಆಕೆ ಅಣ್ಣನ ಕೈಮೇಲೆ ಕೈಯಿಟ್ಟು ವಚನ ಕೊಟ್ಟಿದ್ದಳು. ಈ ನಡುವೆ ಮಠದ ಅಯ್ಯನವರು, "ತಾಂಡೂರಿನ ಶಂಕ್ರೆಪ್ಪನ ಮಗಳು ಈಶಮ್ಮ ಛಲೋ ಕೂಸು. ಒಮ್ಮಿ ನೋಡಿ ಬರ್ರಿ" ಎಂದು ಅಪ್ಪಣೆ ಕೊಡಿಸಿಬಿಟ್ಟರು. ಅಯ್ಯನವರ ಮಾತು ತೆಗೆದುಹಾಕುವಂತಿಲ್ಲ. ಅಣ್ಣನಿಗೆ ಕೊಟ್ಟ ಮಾತು ತಪ್ಪುವಂತಿಲ್ಲ. ಆಕೆ ಒಂದು ಉಪಾಯ ಹೂಡಿದಳು: ಹೋಗುವುದು, ನೋಡುವುದು, ಸಿಹಿ ಮುಟ್ಟದೆ ಬರುವುದು.

ಈ ಸಿಹಿಯ ವಿಷಯ ಹೇಳಬೇಕು. ಕನ್ಯೆ ನೋಡಲು ಹೋದವರು ಆ ಮನೆಯಲ್ಲಿ ರೊಟ್ಟಿ ಪಲ್ಯ ಎಷ್ಟು ಬೇಕಾದರೂ ಉಣ್ಣಬಹುದು. ಅದು ಹಸಿವಿನ ಲೆಕ್ಕ. ಊಟದ ಕೊನೆಗೆ ಇಬ್ಬರು ತಂದೆಯರ ನಡುವೆ ಹೋಳಿಗೆಯ ತಾಟು ತಂದಿಡುತ್ತಾರೆ. ವರನ ಕಡೆಯವರು ಅದನ್ನು ಮುರಿಯದೆ ಎದ್ದರೆ "ಬೇಡ" ಎಂದರ್ಥ. ಬಾಯಿಬಿಟ್ಟು ಹೇಳಿ ಯಾರ ಮನಸ್ಸನ್ನೂ ನೋಯಿಸಬೇಕಾಗಿಲ್ಲ. ಹುಡುಗನ ತಂದೆಯಾಗಲಿ ತಾಯಿಯಾಗಲಿ ಆ ಮನೆಯ ಸಿಹಿಯನ್ನು ಬಾಯಿಗೆ ಹಾಕಿದರೋ, ಸಂಬಂಧ ಗಟ್ಟಿ. ಅಲ್ಲಿಂದಾಚೆ ಹಿಂದೆ ಸರಿದವರಿಗೆ ನಾಲ್ಕು ತಾಲೂಕಿನಲ್ಲಿ ಹೆಣ್ಣು ಸಿಗುವುದಿಲ್ಲ.

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರಿನ ರೈಲು ಹತ್ತಿದ ಮೇಲೆ ಸುಗಲಾಬಾಯಿ ಗಂಡನಿಗೆ ಕಡೆಯ ಪಾಠ ಒಪ್ಪಿಸಿದಳು. ಸೋದರಮಾವನ ಅಧಿಕಾರದಿಂದ ಜೊತೆಗೆ ಹೊರಟಿದ್ದ ವೀರಪ್ಪ ಎದುರು ಕುಳಿತು ಮೀಸೆ ತಿರುವುತ್ತಿದ್ದ. ಮದುಮಗ ಸಂಗಮೇಶ ಕಿಟಕಿಯಾಚೆ ತೊಗರಿ ಹೊಲಗಳನ್ನು ಎಣಿಸುತ್ತಿದ್ದ.

"ಹೋಳಿಗಿ ಬಂತಂದ್ರ ಕೈ ಅಡ್ಡ ಹಿಡೀರಿ."

"ಅಲ್ಲಾ, ಆರು ತಿಂಗಳು ಕೈ ತಗೀರಿ ಕೈ ತಗೀರಿ ಅಂತ ಕೆಮ್ಮಿ ಕೆಮ್ಮಿ ಈಗ..."

"ಇವತ್ತೊಂದು ದಿನ ಹಿಡೀರಿ!"

"ಬೆಲ್ಲಾ?"

"ಬೆಲ್ಲಾ ಇಲ್ಲ, ಸಕ್ರಿ ಇಲ್ಲ, ಹೋಳಿಗಿ ಇಲ್ಲ. ಸಿಹಿ ಅಂಬೋದು ಏನೂ ಇಲ್ಲ."

"ಚಹಾದಾಗ ಸಕ್ರಿ ಇರ್ತದಲ್ಲ?"

"ಚಹಾ ಲೆಕ್ಕಕ್ಕಿಲ್ಲ!" ಎಂದು ಅಣ್ಣ ತಂಗಿ ಒಟ್ಟಿಗೆ ಕಿರಿಚಿದರು. ಬೋಗಿಯಲ್ಲಿದ್ದವರೆಲ್ಲ ಇತ್ತ ತಿರುಗಿ ನೋಡಿದರು. ಮನ್ಮಥಪ್ಪ ನಾಚಲಿಲ್ಲ. ಹತ್ತಿರದವನನ್ನು, "ನಿಮ್ಮ ಕಡಿ ಮಳಿ ಹ್ಯಾಂಗದ್ರಿ?" ಎಂದು ಕೇಳಿದ.

ಶಂಕ್ರೆಪ್ಪ ತಾಂಡೂರಿನ ಫರಸಿ ಕಲ್ಲಿನ ಗಣಿಯಲ್ಲಿ ಆಳುಗಳ ಮೇಲ್ವಿಚಾರಣೆಯ ಮುಕಾದಮ; ಆರಡಿ ಎತ್ತರದ ಆಳು. ಅವನು ಒಮ್ಮೆ ಕೂಗಿದರೆ ನೂರು ಕಲ್ಲುಕುಟಿಗರ ಸುತ್ತಿಗೆ ನಿಲ್ಲುತ್ತದೆಂದು ಪ್ರತೀತಿ. ಮನೆಯ ಪಡಸಾಲೆಗೆಲ್ಲ ತಣ್ಣನೆಯ ಫರಸಿ. ಅದರ ಮೇಲೆ ಮಣೆ ಹಾಕಿ ಗಂಡಸರನ್ನು ಕೂರಿಸಿದರು. ಮನ್ಮಥಪ್ಪನ ಒಂದು ಕಡೆ ಸಂಗಮೇಶ, ಇನ್ನೊಂದು ಕಡೆ ವೀರಪ್ಪ; ಎದುರಿಗೆ ಶಂಕ್ರೆಪ್ಪ. ಹುಡುಗಿ ಬಂದು ನೀರಿಟ್ಟು ಹೋದಳು. ಸಂಗಮೇಶ ತೊಗರಿ ಎಣಿಸುವುದನ್ನು ಮರೆತ. ಸುಗಲಾಬಾಯಿ ಅಡಿಗೆಮನೆಯ ಬಾಗಿಲ ಮರೆಯಲ್ಲಿ, ಗಂಡನ ತಾಟು ನೇರವಾಗಿ ಕಾಣುವ ಜಾಗವನ್ನು ಹುಡುಕಿ ಕುಳಿತಳು. ಪಕ್ಕದಲ್ಲಿ, ಬಡಿಸಲು ಎದ್ದು ಹೋಗಿ ಬಂದು ಕೂರುತ್ತಿದ್ದ ಶಂಕ್ರೆಪ್ಪನ ಹೆಂಡತಿ ಶರಣಬಸಮ್ಮ.

ರೊಟ್ಟಿ ಬಡಿಸಿದರು. ವೀರಪ್ಪ ಮುರಿದ. ಮನ್ಮಥಪ್ಪ ಮುರಿದ. ಶಂಕ್ರೆಪ್ಪ ಮುರಿಯಲಿಲ್ಲ. ನೂರು ಸುತ್ತಿಗೆ ನಿಲ್ಲಿಸುವ ಆ ಮನುಷ್ಯ ಬೀಗರ ಎದುರು ಬೆವೆತು, ತಲೆ ಬಗ್ಗಿಸಿ, ಪುಂಡಿಪಲ್ಯದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬಡಿಸಲು ಬಂದದ್ದು ಅವನದೇ ಹೆಂಡತಿ. ಅವಳು ಬಾಗುವ ಮೊದಲೇ ಅವನ ಎರಡೂ ಅಂಗೈಗಳು ತಾಟನ್ನು ಮುಚ್ಚಿದವು.

"ಸಾಕು, ಹೊಟ್ಟಿ ತುಂಬ್ಯಾದ."

ಮನ್ಮಥಪ್ಪನ ತುತ್ತು ಅರ್ಧದಾರಿಯಲ್ಲಿ ನಿಂತಿತು. ಅವನ ಕಣ್ಣಲ್ಲಿ ನೀರೇ ಬಂದಿತೆಂದು ಸುಗಲಾಬಾಯಿ ಹೇಳುತ್ತಾಳೆ. (ಮನ್ಮಥಪ್ಪ ಅದು ಪಲ್ಯದ ಖಾರ ಎನ್ನುತ್ತಾನೆ.) ಅವನು ಮುಂದಕ್ಕೆ ಬಾಗಿ ಮೆಲ್ಲಗೆ ಅಂದ:

"ಶಂಕ್ರೆಪ್ಪಾರ, ನನ್ನ ಮಕ ನೋಡಬ್ಯಾಡ್ರಿ. ತಾಟ ನೋಡ್ರಿ."

ಶಂಕ್ರೆಪ್ಪ ಬೆಚ್ಚಿ ಮುಖ ನೋಡಿದ.

"ನೋಡಬ್ಯಾಡ್ರಿ ಅಂದ್ನಲ್ಲ! ನಮಗೂ ಇದs ರೋಗ ಇತ್ರಿ. ಇಪ್ಪತ್ತು ವರ್ಷ ಲಗ್ನದ ಊಟಕ್ಕ ಹೋಗಿ ಹಸಗೊಂಡು ಬಂದೀನಿ. ಈಗ ಹೇಳ್ರಿ, ಈ ಫರಸಿ ಎಷ್ಟು ಆಳದಾಗ ಸಿಗ್ತದ?"

ಶಂಕ್ರೆಪ್ಪ ಒಂದು ಮಾತು ಹೇಳಿದ. ಮನ್ಮಥಪ್ಪ ಎರಡನೆಯದು ಕೇಳಿದ. ನೀಲಿ ಕಲ್ಲಿನಿಂದ ಹಳದಿ ಕಲ್ಲಿಗೆ, ಹಳದಿಯಿಂದ ಬಂಡೆ ಸಿಡಿಸುವ ಸುರಂಗದ ಮದ್ದಿಗೆ ಮಾತು ಇಳಿಯುತ್ತ ಹೋದಂತೆ ಶಂಕ್ರೆಪ್ಪನ ಕೈ ತಾನಾಗಿ ತಾಟಿನಿಂದ ಬಾಯಿಗೆ ಓಡಾಡತೊಡಗಿತು. ಒಂದು ರೊಟ್ಟಿ. ಎರಡು. ಮೂರನೆಯದಕ್ಕೆ ಅವನೇ, "ಏ, ಇಲ್ಲಿ ತಾ" ಎಂದ.

ಶರಣಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಂದಿ ಎದುರಿಗಿ ಇವರು ಹಿಂಗ ಉಂಡದ್ದು ನಾ ಇದs ಮೊದಲ ನೋಡೋದು ಅಕ್ಕಾ. ನಿಮ್ಮ ಯಜಮಾನರು ದೇವರಂಥಾರು" ಎಂದಳು. ತನ್ನ ಪಾಠ ತಾಂಡೂರಿನವರೆಗೆ ಫಲಿಸಿತಲ್ಲ ಎಂದು ಸುಗಲಾಬಾಯಿಯ ಎದೆ ಉಬ್ಬಿತು. ಮರುಕ್ಷಣವೇ ಅದೇ ಎದೆ ಧಸಕ್ಕೆಂದಿತು. ಹೋಳಿಗೆಯ ತಾಟು ಬರುತ್ತಿತ್ತು.

ಇಬ್ಬರು ತಂದೆಯರ ನಡುವೆ ಆರು ಹೋಳಿಗೆ, ಮೇಲೆ ಕರಗುವ ತುಪ್ಪ. ಈಗಷ್ಟೇ ಮಾತು ಕಲಿತಿದ್ದ ಶಂಕ್ರೆಪ್ಪ ಮತ್ತೆ ಮೂಕನಾದ. ತಲೆ ಬಗ್ಗಿಸಿ ತಾಟಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡತೊಡಗಿದ. ವೀರಪ್ಪ ಭಾವನ ಪಕ್ಕೆಗೆ ಮೊಣಕೈಯಿಂದ ತಿವಿದ. ಮನ್ಮಥಪ್ಪ ಹೆಂಡತಿಯ ಆಜ್ಞೆಯಂತೆ ಎರಡೂ ಅಂಗೈಗಳನ್ನು ಎತ್ತಿ, ಹೋಳಿಗೆಗೂ ತನಗೂ ನಡುವೆ ಅಡ್ಡ ಹಿಡಿದ. ಆದರೆ ಅವನ ಕಣ್ಣುಗಳು ಶಂಕ್ರೆಪ್ಪನ ಬಗ್ಗಿದ ತಲೆಯ ಮೇಲೆಯೇ ಇದ್ದವು. ಅಂಗೈ ಒಂದು ಬೆರಳಿನಷ್ಟು ಸರಿಯಿತು. ಎರಡು ಬೆರಳಿನಷ್ಟು ಸರಿಯಿತು.

ಸುಗಲಾಬಾಯಿ ಕೆಮ್ಮಿದಳು.

ಆರು ತಿಂಗಳ ಅಭ್ಯಾಸ! ಕೆಮ್ಮು ಕೇಳಿದ್ದೇ ತಡ, ಅಂಗೈಗಳು ಪೂರಾ ಸರಿದು ತೊಡೆಯ ಮೇಲೆ ಹೋಗಿ ಕುಳಿತವು. ತನ್ನ ತಪ್ಪು ತಿಳಿದು ಆಕೆ ಗಾಬರಿಯಿಂದ ಇನ್ನೂ ಜೋರಾಗಿ ಕೆಮ್ಮಿದಳು. ಹೆದರಿಕೆಗೆ ಗಂಟಲು ಹಿಡಿದು, ಸುಳ್ಳು ಕೆಮ್ಮು ಹೋಗಿ ನಿಜವಾದ ಕೆಮ್ಮು ಬಂದಿತು. ಕಣ್ಣು ಮೇಲಾಯಿತು, ಉಸಿರು ಸಿಕ್ಕಿಕೊಂಡಿತು.

"ಅಯ್ಯ ಅಕ್ಕಾ! ಬಾಯಿ ತಗೀರಿ, ಬಾಯಿ ತಗೀರಿ!" ಎಂದು ಶರಣಬಸಮ್ಮ ಒಂದು ಕೈಯಿಂದ ಆಕೆಯ ಬೆನ್ನು ತಟ್ಟುತ್ತ, ಇನ್ನೊಂದರಿಂದ ಕೆಮ್ಮಿನ ಮದ್ದೆಂದು ಕರಿಮೆಣಸಿನಪುಡಿ ಹಚ್ಚಿದ ಬೆಲ್ಲದ ಗಟ್ಟಿಯನ್ನು ಬಾಯೊಳಗೆ ತುರುಕಿದಳು. ಆಪತ್ತಿನಲ್ಲಿದ್ದವರು ಬಾಯಿಗೆ ಬಂದದ್ದನ್ನು ಪರೀಕ್ಷಿಸುತ್ತಾರೆಯೇ? ಸುಗಲಾಬಾಯಿ ಚೀಪಿದಳು. ಕೆಮ್ಮು ನಿಂತಿತು. ಹಿತವಾಯಿತು. ಇನ್ನೊಮ್ಮೆ ಚೀಪಿದಳು.

ಆಗ ಆ ಮನೆಯ ಅಜ್ಜಿ ಮೂಲೆಯಿಂದ ಘೋಷಿಸಿದಳು: "ಬೀಗತಿ ಬಾಯಿ ಸಿಹಿ ಮಾಡಿಕೊಂಡಳs ಯವ್ವಾ! ಸಕ್ರಿ ಹಂಚ್ರಿ!"

ಸುಗಲಾಬಾಯಿಗೆ ಉಗುಳೋಣವೆನಿಸಿತು. ಬೀಗರ ಮನೆಯಲ್ಲಿ ಸಿಹಿ ಉಗುಳುವುದೇ! ಅಲ್ಲದೆ ಬೆಲ್ಲ ಅರ್ಧ ಕರಗಿ ಗಂಟಲಿಳಿದಿತ್ತು. ಪಡಸಾಲೆಯಲ್ಲಿ ಆ ಘೋಷಣೆ ಕೇಳಿದ ಮನ್ಮಥಪ್ಪ, ಜೈಲಿನಿಂದ ಬಿಡುಗಡೆಯಾದವನಂತೆ ಉಸಿರು ಬಿಟ್ಟ.

"ಆಕಿನs ಒಪ್ಪಿದ ಮ್ಯಾಲ ನಂದೇನದ? ತಗೋರಿ ಶಂಕ್ರೆಪ್ಪಾರ!" ಎಂದು ಹೋಳಿಗೆ ಮುರಿದು ಅರ್ಧ ತಾನು ತಿಂದು, ಅರ್ಧವನ್ನು ಶಂಕ್ರೆಪ್ಪನ ಕೈಗೆ ಕೊಟ್ಟ. ಆಮೇಲೆ ಉಳಿದ ಐದು ಹೋಳಿಗೆಗಳಿಗೆ ಏನಾಯಿತೆಂದು ಹೇಳಬೇಕಾಗಿಲ್ಲ. ಸಂಗಮೇಶನೂ ಒಂದು ಎಳೆದುಕೊಂಡ. ವೀರಪ್ಪ ಮಾತ್ರ ಎದ್ದು ನಿಂತು, "ತಂಗೀ..." ಎಂದು ಒಂದೇ ಮಾತು ಅಂದು, ಕೈ ತೊಳೆಯಲು ಹೋದವನು ನೇರವಾಗಿ ಸ್ಟೇಷನ್ನಿಗೆ ಹೋದ.

ಸಂಜೆಯ ಗಾಡಿಯಲ್ಲಿ ವೀರಪ್ಪ ಬೇರೆ ಬೋಗಿ ಹತ್ತಿದ. ಈ ಬೋಗಿಯಲ್ಲಿ ವಿಚಾರಣೆ ನಡೆಯಿತು.

"ಯಾಕ ಮುರದ್ರಿ?"

"ನೀ ಯಾಕ ತಿಂದಿ?"

"ಅದು ಔಷಧ!"

"ಔಷಧ ಖಾರಿತ್ತೋ, ಸಿಹಿ ಇತ್ತೋ?"

ಸುಗಲಾಬಾಯಿ ಮುಖ ತಿರುಗಿಸಿದಳು. "ಎರಡೂ ಇತ್ತು" ಎಂದಳು. ಆಮೇಲೆ ಅತ್ತಳು. ಅಣ್ಣನ ಕೈಮೇಲೆ ಇಟ್ಟ ತನ್ನ ಕೈಯನ್ನು ತಾನೇ ನೋಡಿಕೊಂಡು ಅತ್ತಳು. ಆಗ ಮನ್ಮಥಪ್ಪ ಜಗಳ ಬಿಟ್ಟು, "ನಾ ಹೋಗಿ ನಿಮ್ಮಣ್ಣನ ಕಾಲು ಹಿಡೀತೀನಿ ತಗೋ. ತಪ್ಪು ನಂದs ಅಂತ ಹೇಳ್ತೀನಿ" ಎಂದ. ಹೇಳಿದಂತೆ ಮರುವಾರವೇ ನಾರಾಯಣಖೇಡಕ್ಕೆ ಹೋಗಿ ಕಾಲು ಹಿಡಿದ. ವೀರಪ್ಪನ ಕಿವಿಗೂ ಬಿದ್ದಿದ್ದ ಆ ಬೆಲ್ಲದ ಹೆಸರನ್ನೇ ಎತ್ತಲಿಲ್ಲ. ಹೋಳಿಗೆ ಕಂಡು ಬಾಯಿ ಕಟ್ಟಲಾಗಲಿಲ್ಲವೆಂದು ಎಲ್ಲವನ್ನೂ ತನ್ನ ಹೊಟ್ಟೆಯ ಮೇಲೆ ಹಾಕಿಕೊಂಡ. ಇವತ್ತಿಗೂ ನಾರಾಯಣಖೇಡದಲ್ಲಿ ಅವನನ್ನು ತಿಂಡಿಪೋತನೆಂದೇ ಕರೆಯುತ್ತಾರೆ. ವೀರಪ್ಪ ಎರಡು ವರ್ಷ ಮಾತು ಬಿಟ್ಟಿದ್ದ. ಮಗಳಿಗೆ ಕೊಡಂಗಲ್ಲಿನಲ್ಲಿ ಒಳ್ಳೆಯ ಮನೆ ಸಿಕ್ಕ ಮೇಲೆ, ಲಗ್ನದ ಜವಳಿಗೆಂದು ತಾನಾಗಿ ಜಹೀರಾಬಾದಿನ ಅಂಗಡಿಯ ಮೆಟ್ಟಿಲು ಹತ್ತಿದ.

ಆಮೇಲೆ ಬಹಳ ಮಳೆಗಾಲಗಳು ಹೋದವು. ನಿಜಾಮರು ಹೋದರು, ಗಜ ಹೋಗಿ ಮೀಟರು ಬಂದಿತು, ನಾನು ಪಿಂಚಣಿಗೆ ಬಂದೆ. ಈಶಮ್ಮ ಆ ಮನೆಯನ್ನು ಎಷ್ಟು ಚೆನ್ನಾಗಿ ನಡೆಸಿದಳೆಂದರೆ, ಸುಗಲಾಬಾಯಿ ಈಗ ಕೆಲವು ಸಲ, "ನನ್ನ ಬೆಲ್ಲ ಸುಳ್ಳಾಗಲಿಲ್ಲ" ಎನ್ನುವುದುಂಟು. ಗಂಡ ಹತ್ತಿರವಿಲ್ಲದಾಗ ಮಾತ್ರ. ಶಂಕ್ರೆಪ್ಪ ಕೆಲಸ ಬಿಟ್ಟ ಮೇಲೆ ಮಗಳನ್ನು ನೋಡಲೆಂದು ಜಹೀರಾಬಾದಿಗೆ ಬರುತ್ತಾನೆ. ಎಂಟು ದಿನಕ್ಕೆಂದು ಬಂದವನು ಎರಡು ತಿಂಗಳು ಇರುತ್ತಾನೆ.

ಹೋದ ವಾರ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಬೀಗರಿಬ್ಬರೂ ಹನ್ನೆರಡಕ್ಕೆ ಊಟಕ್ಕೆ ಕುಳಿತಿದ್ದರಂತೆ, ಆಗ ಎರಡೂವರೆ. ಇಬ್ಬರ ಬಾಯಲ್ಲಿ ಸೇರಿ ಏಳು ಹಲ್ಲು. ಮಾತು ಇನ್ನೂ ಹಳದಿ ಕಲ್ಲಿನ ಮೇಲೆಯೇ ಇತ್ತು. ಅವರು ಎದ್ದರೆ ಕೈಗೆ ನೀರು ಹಾಕಬೇಕೆಂದು ಸುಗಲಾಬಾಯಿ ತುಂಬಿದ ತಂಬಿಗೆ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಳಗಿನಿಂದ, "ಬೀಗತೀ, ಇನ್ನ ಅರ್ಧಾ ರೊಟ್ಟಿ ಬರ್ಲಿ" ಎಂದು ಶಂಕ್ರೆಪ್ಪನ ದನಿ ಬಂದಿತು. "ನನಗ ಒಂದು" ಎಂದು ಮನ್ಮಥಪ್ಪ ಕೂಡಿಸಿದ.

ಸುಗಲಾಬಾಯಿ ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ನನ್ನನ್ನು ಕೇಳಿದಳು:

"ಮಾಸ್ತರ, ಅಷ್ಟು ಓದೀರಿ. ಮುದುಕರಿಗಿ ನಾಚಿಕಿ ಕಲಸೋದು ಹ್ಯಾಂಗ ಅಂತ ನಿಮ್ಮ ಪುಸ್ತಕದಾಗ ಎಲ್ಲ್ಯಾರ ಬರದಾರೇನ್ರಿ?"